ದ್ವೇಷವನ್ನು ಒಪ್ಪಿಕೊಂಡ ವಿದ್ವಾಂಸ: ಕೊರ್ಡೋವಾದ ಇಬ್ನ್ ಹಝ್ಮ್

ದ್ವೇಷದ ಬಗ್ಗೆ ಮಾತು ಬಂದಾಗ ನಾವು ಸಾಮಾನ್ಯವಾಗಿ ಇತರರ ದ್ವೇಷದ ಬಗ್ಗೆಯೇ ಮಾತನಾಡುತ್ತೇವೆ. ಅವರು ನಮ್ಮನ್ನು ದ್ವೇಷಿಸುತ್ತಾರೆ, ಅವರ ಪತ್ರಿಕೆಗಳು ವಿಷ ಕಾರುತ್ತವೆ, ಅವರ ಭಾಷಣಗಳು ಬೆಂಕಿ ಹಚ್ಚುತ್ತವೆ ಎನ್ನುತ್ತೇವೆ. ಈ ದೂರುಗಳಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ‘ನನ್ನ ಎದೆಯೊಳಗೂ ದ್ವೇಷವಿದೆ, ಅದನ್ನು ಪೂರ್ತಿಯಾಗಿ ಕಿತ್ತು ಹಾಕಲು ನನ್ನಿಂದ ಆಗಲಿಲ್ಲ’ ಎಂದು ಬಹಿರಂಗವಾಗಿ ಬರೆದಿಟ್ಟವರು ಇತಿಹಾಸದಲ್ಲಿ ಬಹಳ ವಿರಳ. ಅಂಥ ವಿರಳರಲ್ಲಿ ಒಬ್ಬರು ಹನ್ನೊಂದನೇ ಶತಮಾನದ ಸ್ಪೇನಿನ ವಿದ್ವಾಂಸ ಇಬ್ನ್ ಹಝ್ಮ್. ಪ್ರೀತಿಯ ಕುರಿತು ಅರಬಿ ಭಾಷೆಯ ಅತ್ಯಂತ ಸುಂದರ ಗ್ರಂಥಗಳಲ್ಲಿ ಒಂದನ್ನು ಬರೆದವರೂ ಇವರೇ ಎಂಬುದು ಈ ಕಥೆಯನ್ನು ಇನ್ನಷ್ಟು ಯೋಚಿಸುವಂತೆ ಮಾಡುತ್ತದೆ.

ಇಮಾಮ್ ಗಝ್ಝಾಲಿ ಮತ್ತು ರೂಮಿಯ ಹೆಸರುಗಳು ಕನ್ನಡದ ಓದುಗರಿಗೆ ಹೊಸತಲ್ಲ. ಆದರೆ ಇಬ್ನ್ ಹಝ್ಮ್‌ರ ಪರಿಚಯ ನಮ್ಮಲ್ಲಿ ಅಷ್ಟಾಗಿ ಆಗಿಲ್ಲ. ಅವರ ಬದುಕನ್ನೂ ಬರಹವನ್ನೂ ಜೊತೆಯಾಗಿಟ್ಟು ನೋಡಿದರೆ ಪ್ರೀತಿ ಮತ್ತು ದ್ವೇಷಗಳ ಬಗ್ಗೆ ನಾವು ಸುಲಭವಾಗಿ ಆಡುವ ಅನೇಕ ಮಾತುಗಳನ್ನು ಮರುಪರಿಶೀಲಿಸಬೇಕಾಗುತ್ತದೆ.

ಅರಮನೆಯ ಮಗು, ಊರು ಕಳೆದುಕೊಂಡ ಯುವಕ

ಅಬೂ ಮುಹಮ್ಮದ್ ಅಲೀ ಬಿನ್ ಅಹ್ಮದ್ ಬಿನ್ ಸಈದ್ ಬಿನ್ ಹಝ್ಮ್ ಅವರು ಹಿಜರಿ 384ರ ರಮಝಾನಿನ ಕೊನೆಯ ದಿನ, ಅಂದರೆ ಕ್ರಿ.ಶ. 994ರ ನವೆಂಬರ್‌ನಲ್ಲಿ ಕೊರ್ಡೋವಾ ನಗರದಲ್ಲಿ ಜನಿಸಿದರು. ಅರಬರು ಈ ನಗರವನ್ನು ಖುರ್ತುಬ ಎನ್ನುತ್ತಿದ್ದರು. ಅಂದು ಅದು ಯುರೋಪಿನ ಅತಿ ದೊಡ್ಡ ನಗರಗಳಲ್ಲಿ ಒಂದು. ಗ್ರಂಥಾಲಯಗಳಿಗೂ ಮಸೀದಿಗೂ ಮಾರುಕಟ್ಟೆಗಳಿಗೂ ಹೆಸರಾದ ಉಮಯ್ಯಾ ಖಿಲಾಫತ್‌ನ ರಾಜಧಾನಿ. ಖಲೀಫರ ಹೆಸರಿನಲ್ಲಿ ನಿಜವಾದ ಅಧಿಕಾರ ನಡೆಸುತ್ತಿದ್ದ ಅಲ್ ಮನ್ಸೂರ್‌ನ ವಝೀರರಲ್ಲಿ ಇಬ್ನ್ ಹಝ್ಮ್‌ರ ತಂದೆ ಅಹ್ಮದ್ ಒಬ್ಬರಾಗಿದ್ದರು.

ಮಗು ಬೆಳೆದದ್ದು ಮನೆಯ ಹೆಂಗಸರ ನಡುವೆ. ಕುರ್‌ಆನ್ ಪಠಣವನ್ನೂ ಕವಿತೆಯನ್ನೂ ಅಕ್ಷರ ಬರೆಯುವುದನ್ನೂ ತನಗೆ ಕಲಿಸಿದವರು ಹೆಂಗಸರೇ ಎಂದು ಅವರು ಮುಂದೆ ಕೃತಜ್ಞತೆಯಿಂದ ನೆನೆಯುತ್ತಾರೆ. ಗಡ್ಡ ಮೂಡುವವರೆಗೆ ಗಂಡಸರ ಸಹವಾಸವೇ ತನಗೆ ಇರಲಿಲ್ಲವೆನ್ನುತ್ತಾರೆ. ಹೆಂಗಸರ ಮನಸ್ಸಿನ ಸೂಕ್ಷ್ಮಗಳನ್ನು ಅವರಷ್ಟು ಹತ್ತಿರದಿಂದ ಬಲ್ಲ ಮಧ್ಯಯುಗದ ಧರ್ಮವಿದ್ವಾಂಸರು ಕಡಿಮೆ. ಹಝ್ರತ್ ಮರ್ಯಮ್ ಮತ್ತು ಹಝ್ರತ್ ಮೂಸಾರ ತಾಯಿಗೆ ಪ್ರವಾದಿತ್ವ ದೊರೆತಿತ್ತೆಂದು ಅವರು ವಾದಿಸಿದ್ದರ ಹಿಂದೆ ಈ ಬಾಲ್ಯವೂ ಇದ್ದಿರಬಹುದೇ ಎಂದು ನಮಗನಿಸುತ್ತದೆ.

ಅವರಿಗೆ ಹದಿನಾಲ್ಕು ವರ್ಷವಾದಾಗ ಎಲ್ಲವೂ ಕುಸಿಯಿತು. 1009ರಲ್ಲಿ ಕೊರ್ಡೋವಾದಲ್ಲಿ ದಂಗೆ ಎದ್ದಿತು. ಅಲ್ ಮನ್ಸೂರ್ ಕಟ್ಟಿಸಿದ್ದ ಮದೀನತುಝ್ಝಾಹಿರಾ ಎಂಬ ಅರಮನೆ ನಗರವನ್ನು ಜನರು ಲೂಟಿ ಮಾಡಿ ನೆಲಸಮ ಮಾಡಿದರು. ಇಬ್ನ್ ಹಝ್ಮ್‌ರ ಕುಟುಂಬ ನಗರದ ಪೂರ್ವ ಭಾಗದ ಹೊಸ ಮನೆಗಳನ್ನು ಬಿಟ್ಟು ಪಶ್ಚಿಮದ ಬಲಾತ್ ಮುಗೀಸ್‌ನಲ್ಲಿದ್ದ ಹಳೆಯ ಮನೆಗೆ ಬಂತು. ಸಿಂಹಾಸನಕ್ಕಾಗಿ ಒಬ್ಬರ ಮೇಲೊಬ್ಬರು ಬಿದ್ದ ರಾಜಕುಮಾರರು, ಅವರಿಗೆ ಬೆಂಬಲವಾಗಿ ಬಂದ ಬರ್ಬರ್ ಸೇನೆ, ಇನ್ನೊಂದು ಕಡೆಗೆ ಕ್ರೈಸ್ತ ಅರಸರ ಕೂಲಿ ಸೈನಿಕರು – ಎಲ್ಲರೂ ಸೇರಿ ಆ ನಗರವನ್ನು ಹರಿದು ಹಾಕಿದರು. 1011ರಲ್ಲಿ ಅಣ್ಣ ಅಬೂಬಕರ್ ಪ್ಲೇಗಿಗೆ ಬಲಿಯಾದರು. 1012ರಲ್ಲಿ ತಂದೆ ತೀರಿಕೊಂಡರು. 1013ರಲ್ಲಿ ದೀರ್ಘ ಮುತ್ತಿಗೆಯ ಬಳಿಕ ಬರ್ಬರ್ ಪಡೆಗಳು ನಗರವನ್ನು ಸೂರೆ ಮಾಡಿದವು. ಬಲಾತ್ ಮುಗೀಸ್‌ನ ಮನೆಯೂ ಹಾಳಾಯಿತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಇಬ್ನ್ ಹಝ್ಮ್ ಊರು ತೊರೆದು ಅಲ್ಮೇರಿಯಾ ಎಂಬ ಬಂದರು ಪಟ್ಟಣ ಸೇರಿದರು.

ಮುಂದಿನ ಹತ್ತು ವರ್ಷಗಳು ಸೆರೆ, ಗಡೀಪಾರು ಮತ್ತು ಸೋಲುಗಳಲ್ಲೇ ಕಳೆದವು. ಉಮಯ್ಯಾ ಮನೆತನವನ್ನು ಮತ್ತೆ ಗದ್ದುಗೆಗೇರಿಸುವ ಸಂಚಿನ ಸಂಶಯದ ಮೇಲೆ ಅಲ್ಮೇರಿಯಾದ ಆಡಳಿತಗಾರ ಅವರನ್ನು ಬಂಧಿಸಿ ಹೊರಗಟ್ಟಿದ. 1018ರಲ್ಲಿ ಉಮಯ್ಯಾ ಹಕ್ಕುದಾರನೊಬ್ಬನ ಸೇನೆಯೊಂದಿಗೆ ಹೋಗಿ ಗ್ರನಾಡಾದ ಬಳಿ ಬರ್ಬರರ ಕೈಯಲ್ಲಿ ಸೆರೆಯಾದರು. 1023ರ ಕೊನೆಯಲ್ಲಿ ಗೆಳೆಯನೇ ಖಲೀಫನಾದಾಗ ಅವರು ವಝೀರರಾದರು. ಆ ಆಳ್ವಿಕೆ ಉಳಿದದ್ದು ಏಳು ವಾರ ಮಾತ್ರ. ಖಲೀಫ ಕೊಲೆಯಾದ, ವಝೀರ ಮತ್ತೆ ಜೈಲು ಸೇರಿದರು. 1031ರಲ್ಲಿ ಕೊರ್ಡೋವಾದ ಖಿಲಾಫತ್ತೇ ಇಲ್ಲವಾಯಿತು. ಅಂದಲೂಸ್ ಸಣ್ಣ ಸಣ್ಣ ಸಂಸ್ಥಾನಗಳಾಗಿ ಒಡೆದು ಹೋಯಿತು.

ಅವಶೇಷಗಳ ನಡುವೆ ಹುಟ್ಟಿದ ಪ್ರೀತಿಯ ಗ್ರಂಥ

ಇಷ್ಟೆಲ್ಲ ರಕ್ತಪಾತ ಕಂಡವರು ಬರೆದ ಮೊದಲ ಪ್ರಸಿದ್ಧ ಗ್ರಂಥ ಯುದ್ಧದ ಬಗ್ಗೆಯಲ್ಲ, ಪ್ರೀತಿಯ ಬಗ್ಗೆ. 1020ರ ದಶಕದಲ್ಲಿ ಶಾತಿಬಾ ಎಂಬ ಊರಿನಲ್ಲಿದ್ದಾಗ ಅಲ್ಮೇರಿಯಾದ ಗೆಳೆಯರೊಬ್ಬರು ಪ್ರೀತಿಯ ಸ್ವರೂಪ, ಕಾರಣ, ಲಕ್ಷಣಗಳ ಕುರಿತು ಬರೆದುಕೊಡಿ ಎಂದು ಕೇಳಿಕೊಂಡರು. ಹೀಗೆ ‘ತೌಖುಲ್ ಹಮಾಮಃ’ ಹುಟ್ಟಿತು. ಪಾರಿವಾಳದ ಕೊರಳ ಪಟ್ಟಿ ಎಂದು ಇದರ ಅರ್ಥ. ಮೂವತ್ತು ಅಧ್ಯಾಯಗಳ ಈ ಪುಸ್ತಕದಲ್ಲಿ ಪ್ರೀತಿಯ ಚಿಹ್ನೆಗಳು, ಕಣ್ಸನ್ನೆ, ಪತ್ರ, ದೂತ, ಗುಟ್ಟು, ಚಾಡಿಕೋರ, ಅಗಲಿಕೆ, ನಿಷ್ಠೆ, ದ್ರೋಹ, ಸಾವು ಎಂದು ಒಂದೊಂದನ್ನೂ ಬಿಡಿಸಿ ಬರೆದಿದ್ದಾರೆ. ಕೊನೆಯ ಎರಡು ಅಧ್ಯಾಯಗಳು ಪಾಪದ ಹೀನತೆ ಮತ್ತು ಸಂಯಮದ ಶ್ರೇಷ್ಠತೆಯ ಕುರಿತಾಗಿವೆ.

ಧರ್ಮ ಪ್ರೀತಿಯನ್ನು ನಿಷೇಧಿಸಿಲ್ಲ, ಏಕೆಂದರೆ ಹೃದಯಗಳು ಅಲ್ಲಾಹನ ಕೈಯಲ್ಲಿವೆ ಎಂಬುದು ಅವರ ನಿಲುವು. ಮನುಷ್ಯ ಹೊಣೆಯಾಗುವುದು ತನ್ನ ನಡತೆಗೆ. ಬೇರೆ ಬೇರೆ ಕಡೆ ಹಂಚಿಹೋದ ಆತ್ಮಗಳ ಅಂಶಗಳು ಮತ್ತೆ ಕೂಡುವುದೇ ಪ್ರೀತಿ ಎನ್ನುತ್ತಾರೆ. ಸೌಂದರ್ಯವೊಂದೇ ಕಾರಣವಾಗಿದ್ದರೆ ಕಡಿಮೆ ಚೆಲುವಿನವರನ್ನು ಯಾರೂ ಪ್ರೀತಿಸುತ್ತಿರಲಿಲ್ಲವಲ್ಲ ಎಂದು ಕೇಳುತ್ತಾರೆ. ಲಾಭಕ್ಕಾಗಿ ಹುಟ್ಟಿದ ಪ್ರೀತಿ ಲಾಭ ಮುಗಿದಾಗ ಮುಗಿಯುತ್ತದೆ, ಭೋಗಕ್ಕಾಗಿ ಹುಟ್ಟಿದ್ದು ಭೋಗದೊಂದಿಗೆ ಮುಗಿಯುತ್ತದೆ, ಆತ್ಮಗಳ ಬೆಸುಗೆ ಮಾತ್ರ ಉಳಿಯುತ್ತದೆ. ಎಲ್ಲಕ್ಕಿಂತ ಮೇಲಿನದು ಅಲ್ಲಾಹನಿಗಾಗಿ ಪರಸ್ಪರ ಪ್ರೀತಿಸುವವರ ಪ್ರೀತಿ.

ಇದು ಬರಿಯ ತತ್ವವಲ್ಲ. ಇಪ್ಪತ್ತು ತುಂಬುವ ಮೊದಲೇ ಅವರು ನುಅಮ್ ಎಂಬ ಹುಡುಗಿಯನ್ನು ಪ್ರೀತಿಸಿದ್ದರು. ಆಕೆ ಅಂದಿನ ಕಾಲದ ರೂಢಿಯಂತೆ ಮನೆಯಲ್ಲಿದ್ದ ದಾಸಿ. ಆಕೆ ತೀರಿಕೊಂಡಾಗ ಏಳು ತಿಂಗಳು ತಾನು ತೊಟ್ಟ ಬಟ್ಟೆ ಬದಲಿಸಲಿಲ್ಲ ಎಂದು ಇಬ್ನ್ ಹಝ್ಮ್ ಬರೆದಿದ್ದಾರೆ. ಒಬ್ಬ ಫಿಕ್ಹ್ ಪಂಡಿತ ತನ್ನ ಕಣ್ಣೀರನ್ನು ಹೀಗೆ ಮುಚ್ಚುಮರೆಯಿಲ್ಲದೆ ಬರೆದದ್ದು ಅಪರೂಪ.

ಇದೇ ಪುಸ್ತಕದ ಇನ್ನೊಂದು ಚಿಕ್ಕ ಪ್ರಸಂಗವನ್ನು ಓದುಗರು ನೆನಪಿಟ್ಟುಕೊಳ್ಳಬೇಕೆಂದು ನಾವು ಬಯಸುತ್ತೇವೆ. ಅಲ್ಮೇರಿಯಾದಲ್ಲಿ ಇಬ್ನ್ ಹಝ್ಮ್ ಯಹೂದಿ ವೈದ್ಯ ಇಸ್ಮಾಈಲ್ ಬಿನ್ ಯೂನುಸ್‌ರ ಅಂಗಡಿಯಲ್ಲಿ ಕುಳಿತಿದ್ದರು. ಮುಖ ನೋಡಿ ಮನಸ್ಸು ಹೇಳುವುದರಲ್ಲಿ ಆ ವೈದ್ಯರು ನಿಪುಣರು. ಅಲ್ಲಿ ಮೌನವಾಗಿ ಕುಳಿತಿದ್ದ ಒಬ್ಬನನ್ನು ತೋರಿಸಿ, ಇವನ ಬಗ್ಗೆ ಏನು ಹೇಳುತ್ತೀರಿ ಎಂದು ಯಾರೋ ಕೇಳಿದರು. ಇವನು ಪ್ರೇಮಿ ಎಂದರು ವೈದ್ಯರು. ಅದು ನಿಜವಾಗಿತ್ತು. ಊರು ಕಳೆದುಕೊಂಡ ಮುಸ್ಲಿಮ್ ಯುವಕನೊಬ್ಬ ಯಹೂದಿ ವೈದ್ಯನ ಅಂಗಡಿಯಲ್ಲಿ ಹರಟುತ್ತಾ ಕುಳಿತಿರುವ ಈ ಚಿತ್ರದಲ್ಲಿ ಯಾವ ವಿಶೇಷವೂ ಇಲ್ಲ. ವಿಶೇಷವಿಲ್ಲದಿರುವುದೇ ಅದರ ಬೆಲೆ. ಅದು ಆ ಪಟ್ಟಣದ ದಿನನಿತ್ಯದ ಬದುಕಾಗಿತ್ತು.

ಖಡ್ಗದಂಥ ನಾಲಿಗೆ

ರಾಜಕೀಯದಲ್ಲಿ ಸೋತ ಇಬ್ನ್ ಹಝ್ಮ್ ವಿದ್ಯೆಯ ಕಡೆ ತಿರುಗಿದರು. ಅಂದಲೂಸಿನಲ್ಲಿ ಮಾಲಿಕೀ ಮದ್‌ಹಬ್‌ನ ವಿದ್ವಾಂಸರದ್ದೇ ಪ್ರಾಬಲ್ಯ. ಇವರು ಝಾಹಿರೀ ಪಂಥವನ್ನು ಸ್ವೀಕರಿಸಿದರು. ಕುರ್‌ಆನ್ ಮತ್ತು ಹದೀಸ್‌ನ ಸ್ಪಷ್ಟ ಮಾತಿಗೆ ಮಾತ್ರ ತಲೆಬಾಗಬೇಕು, ಯಾವ ಇಮಾಮರ ಅಭಿಪ್ರಾಯವನ್ನೂ ಕುರುಡಾಗಿ ಅನುಸರಿಸಬಾರದು, ಊಹೆಗೆ ಎಡೆಯಿಲ್ಲ, ಎಲ್ಲದಕ್ಕೂ ಪುರಾವೆ ಬೇಕು ಎಂಬುದು ಅವರ ವಾದ. ವಾದ ಗಟ್ಟಿಯಾಗಿತ್ತು. ಆದರೆ ಮಾತು ಕಟುವಾಗಿತ್ತು. ಗತಿಸಿಹೋದ ಇಮಾಮರನ್ನೂ ಅವರು ಬಿಡಲಿಲ್ಲ. ಅವರ ನಾಲಿಗೆಯನ್ನು ಹಜ್ಜಾಜ್ ಬಿನ್ ಯೂಸುಫ್‌ನ ಖಡ್ಗಕ್ಕೆ ಹೋಲಿಸುವ ಮಾತು ಅಂದಲೂಸಿನಲ್ಲಿ ಹುಟ್ಟಿಕೊಂಡಿತು.

ಫಲ ನಿರೀಕ್ಷಿತವೇ. ಕೊರ್ಡೋವಾದ ಮಸೀದಿಯಲ್ಲಿ ಅವರು ಪಾಠ ಹೇಳುವುದನ್ನು ತಡೆಯಲಾಯಿತು. ಮಜೋರ್ಕಾ ದ್ವೀಪದಲ್ಲಿ ಆಶ್ರಯ ಸಿಕ್ಕಿದರೂ ಮಾಲಿಕೀ ವಿದ್ವಾಂಸ ಅಬುಲ್ ವಲೀದ್ ಅಲ್ ಬಾಜಿಯೊಂದಿಗಿನ ವಾಗ್ವಾದದ ಬಳಿಕ ಅಲ್ಲಿಯೂ ನೆಲೆ ನಿಲ್ಲಲಿಲ್ಲ. ಸೆವಿಲ್ಲಾದ ಅರಸ ಅಲ್ ಮುಅ್ತದಿದ್ ಅವರ ಪುಸ್ತಕಗಳನ್ನು ಬಹಿರಂಗವಾಗಿ ಸುಡಿಸಿದ. ಕಾಗದ ಸುಟ್ಟರೆ ವಿದ್ಯೆ ಸುಡುವುದಿಲ್ಲ ಎಂಬ ಭಾವದ ಕವಿತೆಯಿಂದ ಅವರು ಅದಕ್ಕೆ ಉತ್ತರಿಸಿದರು. ಪೂರ್ವಿಕರ ಊರಾದ ಮಂತ ಲೀಶಮ್‌ನಲ್ಲಿ ನಿವೃತ್ತರಾಗಿ, ಹುಡುಕಿಕೊಂಡು ಬಂದ ಕೆಲವೇ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಾ 1064ರ ಆಗಸ್ಟ್‌ನಲ್ಲಿ ಅಲ್ಲೇ ನಿಧನರಾದರು. ಅವರ ಕೃತಿಗಳು ಸುಮಾರು 400 ಸಂಪುಟಗಳು, ಹತ್ತಿರ ಹತ್ತಿರ 80 ಸಾವಿರ ಹಾಳೆಗಳಷ್ಟಿದ್ದವು ಎಂದು ಮಗ ಅಲ್ ಫದ್ಲ್ ಹೇಳಿದ್ದಾರೆ.

ಓದದ ಪುಸ್ತಕಕ್ಕೆ ಬರೆದ ಖಂಡನೆ

ಇಬ್ನ್ ಹಝ್ಮ್‌ರ ಅಭಿಮಾನಿಗಳು ಬೇಗನೆ ದಾಟಿ ಹೋಗುವ ಒಂದು ಪುಟದ ಬಳಿ ನಾವು ಸ್ವಲ್ಪ ನಿಲ್ಲಬೇಕು. ಗ್ರನಾಡಾದ ಬರ್ಬರ್ ಅರಸರ ಬಳಿ ಇಬ್ನ್ ನಗ್ರೀಲಾ ಎಂದು ಹೆಸರಾದ ಯಹೂದಿ ವಿದ್ವಾಂಸ ಸಮುವೇಲ್ ವಝೀರರಾಗಿದ್ದರು. ಅವರೂ ಕೊರ್ಡೋವಾದವರು, ಇಬ್ನ್ ಹಝ್ಮ್‌ರ ಸಮಕಾಲೀನರು. 1013ರ ಸುಮಾರಿಗೆ, ಇಬ್ಬರೂ ತರುಣರಾಗಿದ್ದಾಗ, ಭೇಟಿಯಾಗಿ ಚರ್ಚಿಸಿದ್ದರು. ಯಹೂದಿಯರಲ್ಲಿ ಅತ್ಯಂತ ಪಾಂಡಿತ್ಯವೂ ವಾದಕೌಶಲವೂ ಉಳ್ಳವರು ಎಂದು ಇಬ್ನ್ ಹಝ್ಮ್ ಅವರನ್ನು ಒಪ್ಪಿಕೊಂಡಿದ್ದೂ ಉಂಟು.

ಮುಂದೆ ಇಬ್ನ್ ನಗ್ರೀಲಾ ಕುರ್‌ಆನ್‌ನ್ನು ಟೀಕಿಸಿ ಪುಸ್ತಕ ಬರೆದಿದ್ದಾರೆ ಎಂಬ ಸುದ್ದಿ ಬಂತು. ಇಬ್ನ್ ಹಝ್ಮ್ ಖಂಡನೆ ಬರೆದರು. ಅದರ ಭಾಷೆ ವಿದ್ವಾಂಸನದ್ದಲ್ಲ. ಒಬ್ಬ ವ್ಯಕ್ತಿಯ ಮೇಲಿನ ಸಿಟ್ಟು ಆತನ ಇಡೀ ಸಮುದಾಯದ ಮೇಲಿನ ತಿರಸ್ಕಾರವಾಗಿ ಹರಿದಿದೆ. ಅದಕ್ಕಿಂತಲೂ ನಮ್ಮನ್ನು ಬೆಚ್ಚಿಸುವುದು ಅವರೇ ಹೇಳಿಕೊಂಡ ಒಂದು ಸಂಗತಿ. ಮೂಲ ಪುಸ್ತಕ ಎಷ್ಟು ಹುಡುಕಿದರೂ ಅವರಿಗೆ ಸಿಕ್ಕಿರಲಿಲ್ಲ. ಇನ್ನೊಬ್ಬ ಮುಸ್ಲಿಮ್ ಬರಹಗಾರ ಅದಕ್ಕೆ ಬರೆದ ಉತ್ತರದಲ್ಲಿ ಸಿಕ್ಕ ಉಲ್ಲೇಖಗಳನ್ನು ಆಯ್ದುಕೊಂಡು ಇವರು ಖಂಡಿಸಿದ್ದರು. ಆ ಟೀಕೆ ನಿಜವಾಗಿ ಇಬ್ನ್ ನಗ್ರೀಲಾರದ್ದೇ ಎಂಬ ಬಗ್ಗೆಯೇ ಇಂದಿನ ಸಂಶೋಧಕರಲ್ಲಿ ಭಿನ್ನಾಭಿಪ್ರಾಯವಿದೆ.

ಊಹೆಯನ್ನು ಒಪ್ಪದ, ಪ್ರತಿಯೊಂದಕ್ಕೂ ಮೂಲದ ಪುರಾವೆ ಕೇಳುತ್ತಿದ್ದ ವಿದ್ವಾಂಸರು ತಾವು ಕಾಣದ ಪುಸ್ತಕಕ್ಕೆ ಖಂಡನೆ ಬರೆದರು. ಪ್ರೀತಿಯ ಗ್ರಂಥದಲ್ಲಿ ಚಾಡಿಕೋರನ ಬಗ್ಗೆ ಒಂದು ಅಧ್ಯಾಯವನ್ನೇ ಬರೆದು, ಸುಳ್ಳು ಹೇಳುವವನ ಗೆಳೆತನ ತನ್ನಿಂದಾಗದು ಎಂದವರು ಇಲ್ಲಿ ಕೇಳಿದ ಮಾತನ್ನು ನಂಬಿದರು. ದ್ವೇಷದ ಕೆಲಸವೇ ಹೀಗೆ. ಅದು ದಡ್ಡರ ಬಳಿ ಮಾತ್ರ ಬರುವುದಿಲ್ಲ. ಮಹಾ ಪಂಡಿತನ ಕೈಯಿಂದಲೂ ಅವನದ್ದೇ ಅಳತೆಗೋಲನ್ನು ಕಸಿದುಕೊಳ್ಳುತ್ತದೆ.

ಈ ದ್ವೇಷ ಎಲ್ಲಿಂದ ಬಂತು? ನಮ್ಮ ತಿಳುವಳಿಕೆಯಲ್ಲಿ ಅದರ ಬೇರು ಧರ್ಮದಲ್ಲಿ ಮಾತ್ರ ಇರಲಿಲ್ಲ. ಇಬ್ನ್ ಹಝ್ಮ್‌ರ ಕೊರ್ಡೋವಾವನ್ನು ಹಾಳುಗೆಡವಿದ್ದು ಬರ್ಬರ್ ಪಡೆಗಳು. ಅವರನ್ನು ಸೆರೆ ಹಿಡಿದದ್ದು ಗ್ರನಾಡಾದ ಬಾಗಿಲಲ್ಲಿ. ಅದೇ ಗ್ರನಾಡಾದಲ್ಲಿ ಅದೇ ಬರ್ಬರರ ಆಸ್ಥಾನದಲ್ಲಿ ಸಮುವೇಲ್ ಮೇಲೇರಿದ್ದರು. ವಝೀರನ ಮಗನಾಗಿ ಹುಟ್ಟಿ ಎಲ್ಲ ಕಳೆದುಕೊಂಡವನಿಗೆ ಆ ದೃಶ್ಯ ಹೇಗಿದ್ದಿರಬೇಡ! ಅತ್ತು ತೀರದ ದುಃಖ ಹೊರಬರುವ ದಾರಿಗಳಲ್ಲಿ ದ್ವೇಷವೂ ಒಂದು. ಇದು ಕಾರಣವೇ ಹೊರತು ಸಮರ್ಥನೆಯಲ್ಲ.

ಇಬ್ನ್ ಹಝ್ಮ್ ತೀರಿಕೊಂಡು ಎರಡು ವರ್ಷ ಕಳೆದ ಮೇಲೆ, 1066ರ ಡಿಸೆಂಬರ್ 30ರಂದು ಗ್ರನಾಡಾದಲ್ಲಿ ಜನರ ಗುಂಪು ಸಮುವೇಲರ ಮಗ, ವಝೀರ ಯೂಸುಫ್‌ನನ್ನು ಕೊಂದು ಯಹೂದಿಯರ ಮೇಲೆ ಎರಗಿತು. ಅನೇಕ ನಿರಪರಾಧಿಗಳು ಪ್ರಾಣ ಕಳೆದುಕೊಂಡರು. ಆ ಗುಂಪನ್ನು ಕೆರಳಿಸಿದ್ದು ಅಬೂ ಇಸ್‌ಹಾಕ್ ಎಂಬ ಫಿಕ್ಹ್ ವಿದ್ವಾಂಸನ ಕವಿತೆ ಎಂದು ಇತಿಹಾಸಕಾರರು ಸಾಮಾನ್ಯವಾಗಿ ಹೇಳುತ್ತಾರೆ. ಇಬ್ನ್ ಹಝ್ಮ್‌ರ ಪುಸ್ತಕವೇ ಇದಕ್ಕೆ ಕಾರಣ ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಲು ಆಧಾರವಿಲ್ಲ. ಆದರೆ ಕೊಲೆಗಳ ಮೊದಲು ಮಾತುಗಳಿರುತ್ತವೆ. ಒಂದು ಸಮುದಾಯವನ್ನು ಒಟ್ಟಾಗಿ ತೆಗಳುವುದನ್ನು ಗೌರವಾನ್ವಿತ ಲೇಖನಿಗಳೇ ರೂಢಿ ಮಾಡಿಕೊಟ್ಟ ಮೇಲೆ ಗುಂಪಿಗೆ ಹೆಚ್ಚು ದೂರ ನಡೆಯಬೇಕಾಗುವುದಿಲ್ಲ. ಅಂದಲೂಸಿನ ಸಹಬಾಳ್ವೆಯ ಬಗ್ಗೆ ಹೆಮ್ಮೆಪಡುವ ನಾವು ಈ ದಿನವನ್ನೂ ನೆನಪಿಟ್ಟುಕೊಳ್ಳಬೇಕು. ಬಿಳಿ ಪುಟಗಳನ್ನಷ್ಟೇ ಓದುವುದು ಇತಿಹಾಸದ ಓದಲ್ಲ.

ಒಪ್ಪಿಕೊಳ್ಳುವ ಧೈರ್ಯ

ಕಥೆ ಇಲ್ಲಿಗೇ ಮುಗಿದಿದ್ದರೆ ಇಬ್ನ್ ಹಝ್ಮ್‌ರ ಬಗ್ಗೆ ನಾವು ಬರೆಯುತ್ತಿರಲಿಲ್ಲವೇನೋ. ಬದುಕಿನ ಅನುಭವವನ್ನೆಲ್ಲ ಸೇರಿಸಿ ಅವರು ‘ಅಲ್ ಅಖ್ಲಾಕ್ ವಸ್ಸಿಯರ್’ ಎಂಬ ಸಣ್ಣ ಗ್ರಂಥ ಬರೆದರು. ಆತ್ಮಗಳ ಚಿಕಿತ್ಸೆಯೇ ಅದರ ಉದ್ದೇಶ. ಮನುಷ್ಯರೆಲ್ಲ ಒಂದೇ ಗುರಿಯ ಹಿಂದೆ ಓಡುತ್ತಿದ್ದಾರೆ, ಅದು ಚಿಂತೆಯನ್ನು ದೂರ ಮಾಡುವುದು ಎಂಬ ಮಾತಿನಿಂದ ಅವರ ಚಿಂತನೆ ಆರಂಭವಾಗುತ್ತದೆ. ಹಣ ಹುಡುಕುವವನು ಬಡತನದ ಚಿಂತೆಯನ್ನು, ಕೀರ್ತಿ ಹುಡುಕುವವನು ಅವಮಾನದ ಚಿಂತೆಯನ್ನು ಓಡಿಸಲು ಹೊರಟಿರುತ್ತಾನೆ. ಆದರೆ ಪರಲೋಕಕ್ಕಾಗಿ ಮಾಡುವ ಕರ್ಮದ ಹೊರತು ಬೇರೆ ಯಾವುದೂ ಚಿಂತೆಯನ್ನು ಪೂರ್ತಿ ಕಳೆಯುವುದಿಲ್ಲ. ದ್ವೇಷವೂ ಇಂಥದೇ ಒಂದು ವಿಫಲ ಔಷಧ ಎಂದು ನಾವು ಇದಕ್ಕೆ ಸೇರಿಸಬಹುದು. ಶತ್ರುವನ್ನು ತೆಗಳಿದಾಗ ಸ್ವಲ್ಪ ಹೊತ್ತು ಎದೆ ಹಗುರಾಗುತ್ತದೆ, ಚಿಂತೆ ಮಾತ್ರ ಅಲ್ಲೇ ಇರುತ್ತದೆ.

ಪ್ರೀತಿಯ ಬಗ್ಗೆ ಇಲ್ಲಿ ಅವರು ಇನ್ನಷ್ಟು ಪಕ್ವವಾಗಿ ಬರೆದಿದ್ದಾರೆ. ಅಲ್ಲಾಹನ ಮೇಲಿನ ಪ್ರೀತಿ, ತಂದೆ ಮಕ್ಕಳ ಪ್ರೀತಿ, ಗೆಳೆತನ, ಪ್ರೇಮ ಇವೆಲ್ಲ ಒಂದೇ ಜಾತಿಯವು, ನಿರೀಕ್ಷೆಗಳಷ್ಟೇ ಬೇರೆ ಬೇರೆ ಎನ್ನುತ್ತಾರೆ.

ಆ ಮೇಲೆ ಬರುವುದು ತಪ್ಪೊಪ್ಪಿಗೆ. ತನ್ನಲ್ಲಿದ್ದ ದೋಷಗಳನ್ನು ಅವರು ಒಂದೊಂದಾಗಿ ಎಣಿಸುತ್ತಾರೆ. ಮಿತಿಮೀರಿದ ಕೋಪ, ಚುಚ್ಚುವ ಹಾಸ್ಯ, ಅಹಂಕಾರ, ಕೀರ್ತಿಯ ಹಂಬಲ. ಒಂದು ತೀವ್ರ ಕಾಯಿಲೆಯಿಂದ ಗುಲ್ಮ ಊದಿಕೊಂಡು ತನ್ನ ಸ್ವಭಾವದಲ್ಲಿ ಸಿಡುಕು ಮತ್ತು ಅಸಹನೆ ಸೇರಿಕೊಂಡಿತು ಎಂದೂ ಬರೆಯುತ್ತಾರೆ. ಕೆಲವನ್ನು ಗೆದ್ದೆ, ಕೆಲವುಗಳೊಂದಿಗೆ ಇನ್ನೂ ಹೋರಾಡುತ್ತಿದ್ದೇನೆ ಎನ್ನುತ್ತಾರೆ. ಆ ಪಟ್ಟಿಯಲ್ಲಿ ಹಗೆಯೂ ಇದೆ. ಅತಿಯಾದ ಹಗೆತನ ತನ್ನಲ್ಲಿತ್ತು. ಅಲ್ಲಾಹನ ಸಹಾಯದಿಂದ ಅದನ್ನು ಮಡಚಿಟ್ಟು, ಅದರ ಪರಿಣಾಮಗಳು ಹೊರಗೆ ಬಾರದಂತೆ ತಡೆಯಲು ಸಾಧ್ಯವಾಯಿತು. ಆದರೆ ಬುಡಸಹಿತ ಕೀಳಲಾಗಲಿಲ್ಲ. ನಿಜವಾಗಿ ಹಗೆ ಸಾಧಿಸಿದವನನ್ನು ಮತ್ತೆ ಗೆಳೆಯನನ್ನಾಗಿ ಮಾಡಿಕೊಳ್ಳಲು ತನ್ನಿಂದ ಸಾಧ್ಯವೇ ಆಗಲಿಲ್ಲ. ಇದು ಅವರ ಮಾತಿನ ಸಾರಾಂಶ.

ಕೆಡುಕಿಗೆ ಒಳಿತಿನಿಂದ ಉತ್ತರಿಸಿದರೆ ಶತ್ರುವೂ ಆಪ್ತ ಮಿತ್ರನಾಗಬಲ್ಲ ಎಂಬ ಕುರ್‌ಆನ್‌ನ ಬೋಧನೆ, ಒಂದು ಜನಾಂಗದ ಮೇಲಿನ ವೈರವು ನ್ಯಾಯದಿಂದ ನಮ್ಮನ್ನು ಸರಿಸಬಾರದೆಂಬ ಅದರ ಆಜ್ಞೆ – ಇವೆರಡೂ ಇಬ್ನ್ ಹಝ್ಮ್‌ರಿಗೆ ಬಾಯಿಪಾಠವಾಗಿದ್ದವು. ಆ ಎತ್ತರಕ್ಕೆ ತಾನು ಏರಲಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ತನ್ನ ಸೋಲಿಗೆ ಅವರು ಧರ್ಮದ ಹೊದಿಕೆ ಹೊದಿಸಲಿಲ್ಲ. ದ್ವೇಷವನ್ನು ಧರ್ಮಾಭಿಮಾನ ಎಂದು ಕರೆಯಲಿಲ್ಲ, ದೋಷ ಎಂದೇ ಕರೆದರು. ಇದೇ ಅವರ ದೊಡ್ಡತನ.

ಆದರೆ ಅವರ ಲೆಕ್ಕದಲ್ಲಿ ಒಂದು ತಪ್ಪಿದೆ ಎಂದು ಗೌರವದಿಂದಲೇ ನಾವು ಹೇಳಬೇಕು. ಹಗೆಯನ್ನು ಮಡಚಿಟ್ಟಿದ್ದೇನೆ ಎಂದು ಅವರು ನಂಬಿದ್ದರು. ಅದು ಕೈಯಲ್ಲಿ ಖಡ್ಗವಾಗಿ ಹೊರಬರಲಿಲ್ಲ ನಿಜ. ಲೇಖನಿಯಲ್ಲಿ ಹೊರಬಂದಿತ್ತು. ಎದುರಿಗೆ ಸಿಕ್ಕವನೊಂದಿಗೆ ಸಂಯಮದಿಂದ ಇರುವ ಮನುಷ್ಯ, ಎದುರಿಗಿಲ್ಲದ ಸಮುದಾಯದ ಬಗ್ಗೆ ಬರೆಯುವಾಗ ಅದೇ ಸಂಯಮವನ್ನು ಮರೆಯುತ್ತಾನೆ. ಇಸ್ಮಾಈಲ್ ಬಿನ್ ಯೂನುಸ್‌ರ ಅಂಗಡಿಯಲ್ಲಿ ಕುಳಿತವನಿಗೆ ಯಹೂದಿ ಎಂದರೆ ಒಬ್ಬ ವೈದ್ಯ, ಒಬ್ಬ ಜಾಣ, ಒಂದು ಮುಖ. ಖಂಡನೆ ಬರೆಯಲು ಕುಳಿತವನಿಗೆ ಅದೇ ಪದ ಮುಖವಿಲ್ಲದ ಗುಂಪಾಗಿತ್ತು.

ಉಳಿದ ಒಂದು ಪ್ರತಿ

‘ತೌಖುಲ್ ಹಮಾಮಃ’ ಇಂದು ನಮ್ಮ ಕೈಗೆ ಸಿಗುವುದು ಒಂದೇ ಒಂದು ಹಸ್ತಪ್ರತಿಯಿಂದ. ಹಿಜರಿ 738ರಲ್ಲಿ, ಅಂದರೆ 1338ರಲ್ಲಿ ನಕಲು ಮಾಡಿದ ಆ ಪ್ರತಿ ಇಸ್ತಾಂಬುಲ್‌ನಲ್ಲಿದ್ದ ಡಚ್ ರಾಯಭಾರಿ ಲೆವಿನಸ್ ವಾರ್ನರ್‌ರ ಸಂಗ್ರಹದ ಮೂಲಕ ಹದಿನೇಳನೇ ಶತಮಾನದಲ್ಲಿ ನೆದರ್‌ಲೆಂಡ್ಸ್‌ನ ಲೈಡನ್ ಸೇರಿತು. 1914ರಲ್ಲಿ ರಷ್ಯದ ವಿದ್ವಾಂಸ ಪೆತ್ರೋಫ್ ಅದನ್ನು ಮುದ್ರಿಸಿದರು. ಅದಕ್ಕೂ ಮೊದಲು, ಹತ್ತೊಂಬತ್ತನೇ ಶತಮಾನದಲ್ಲಿ, ಡಚ್ ಇತಿಹಾಸಕಾರ ಡೋಝಿ ಇದರ ಒಂದು ಪ್ರಸಂಗವನ್ನು ಯುರೋಪಿಗೆ ಪರಿಚಯಿಸಿದ್ದರು. ಇಷ್ಟು ಕೋಮಲವಾದ ಪ್ರೇಮ ಅರಬನದ್ದಾಗಿರಲಾರದು, ಲೇಖಕನ ಪೂರ್ವಿಕರ ಕ್ರೈಸ್ತ ರಕ್ತವೇ ಇದಕ್ಕೆ ಕಾರಣವಿರಬೇಕು ಎಂಬ ಅರ್ಥದ ತೀರ್ಪನ್ನೂ ಕೊಟ್ಟರು. ನಂತರದ ವಿದ್ವಾಂಸರು ಇದನ್ನು ಒಪ್ಪಲಿಲ್ಲ. ಪ್ರೀತಿಯ ಪುಸ್ತಕ ಓದುತ್ತಿರುವಾಗಲೂ ಪೂರ್ವಗ್ರಹ ಪಕ್ಕದಲ್ಲೇ ಕುಳಿತಿರುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ. ಯಾವ ಸಮುದಾಯವೂ, ಯಾವ ಕಾಲವೂ ಇದಕ್ಕೆ ಹೊರತಲ್ಲ.

1963ರಲ್ಲಿ ಕೊರ್ಡೋವಾ ನಗರ ತನ್ನ ಕೋಟೆ ಬಾಗಿಲೊಂದರ ಬಳಿ ಇಬ್ನ್ ಹಝ್ಮ್‌ರ ಪ್ರತಿಮೆ ನಿಲ್ಲಿಸಿತು. ಮರುವರ್ಷ ಅದೇ ನಗರದ ಹಳೆಯ ಯಹೂದಿ ಕೇರಿಯಲ್ಲಿ, ಅಲ್ಲೇ ಹುಟ್ಟಿದ ಯಹೂದಿ ತತ್ವಜ್ಞಾನಿ ಮೂಸಾ ಬಿನ್ ಮೈಮೂನರ ಪ್ರತಿಮೆಯೂ ನಿಂತಿತು. ಬದುಕಿದ್ದಾಗ ಮಸೀದಿಯಲ್ಲಿ ಪಾಠ ಹೇಳಲು ಬಿಡದ ಊರು ಒಂಬತ್ತು ಶತಮಾನಗಳ ಬಳಿಕ ಹೀಗೆ ನೆನಪಿಸಿಕೊಂಡಿತು.

ಪ್ರೀತಿಯನ್ನು ಬಲ್ಲವನಲ್ಲಿ ದ್ವೇಷ ಇರುವುದಿಲ್ಲ ಎಂದು ನಾವು ತಿಳಿದಿರುತ್ತೇವೆ. ಇಬ್ನ್ ಹಝ್ಮ್‌ರ ಬದುಕು ಅದನ್ನು ಅಲ್ಲಗಳೆಯುತ್ತದೆ. ಎರಡೂ ಒಂದೇ ಎದೆಯಲ್ಲಿ ವಾಸಿಸಬಲ್ಲವು, ಒಂದೇ ಲೇಖನಿಯಿಂದ ಹರಿಯಬಲ್ಲವು. ಆದ್ದರಿಂದ ನಮ್ಮವರು ಒಳ್ಳೆಯವರು ಎಂಬ ನಂಬಿಕೆಯೊಂದೇ ಸಾಲದು. ಇನ್ನೊಂದು ಸಮುದಾಯದ ಬಗ್ಗೆ ಯಾರೋ ಹೇಳಿದ್ದನ್ನು ಮುಂದಕ್ಕೆ ದಾಟಿಸುವ ಮೊದಲು ಆ ಪುಸ್ತಕವನ್ನು ನಾವು ಕಂಡಿದ್ದೇವೆಯೇ, ಆ ಮನುಷ್ಯನ ಅಂಗಡಿಯಲ್ಲಿ ಎಂದಾದರೂ ಕುಳಿತಿದ್ದೇವೆಯೇ ಎಂದು ಕೇಳಿಕೊಳ್ಳಬೇಕು. ಇಲ್ಲವೆಂದಾದರೆ ಲೇಖನಿ ಕೆಳಗಿಡುವುದು, ಎದ್ದು ಆ ಅಂಗಡಿಯ ಕಡೆ ನಡೆಯುವುದು ನಮ್ಮಿಂದಾಗುವ ಕೆಲಸ.